ಹದಿನೇಳನೇ ವಾಕ್ಯದ ‘ಮತ್ತು’

ಔಷಧಿ ಪೆಟ್ಟಿಗೆಯೊಳಗಿನ ಕಾಗದಕ್ಕೆ ಅನುಮತಿ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿ ಅನುಮೋದಿಸಿರುವ ಒಂದು ವಾಕ್ಯ ನನ್ನ ಮಗಳಿಗೆ ಎರಡು ಸಲ ಅನ್ಯಾಯ ಮಾಡಿದೆ. ಒಮ್ಮೆ ಅದನ್ನು ನಂಬದೆ ಕೆಟ್ಟಳು, ಇನ್ನೊಮ್ಮೆ ಅದನ್ನು ನಂಬಿ ಕೆಟ್ಟಳು. ಒಂಬತ್ತೇ ಪದಗಳ ವಾಕ್ಯವೊಂದು ಒಬ್ಬಳನ್ನೇ ಹೀಗೆ ಎರಡೂ ಕಡೆಯಿಂದ ಹೊಡೆಯಬೇಕಾದರೆ ಅದನ್ನು ಬರೆದ ಕೈ ಸಾಮಾನ್ಯದ್ದಲ್ಲ. ಅದಕ್ಕಾಗಿಯೇ ಈ ಪತ್ರವನ್ನು ಅಂಚೆಗೆ ಹಾಕದೆ ನಾಲ್ಕು ಜನ ಓದುವ ಪತ್ರಿಕೆಗೆ ಕೊಟ್ಟಿದ್ದೇನೆ. ಮೊದಲು ನಿಮಗೆ ಕೊಟ್ಟ ಅರ್ಜಿ ಏನಾಯಿತು ಎಂಬುದನ್ನೂ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿರಲಿ. ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ನಾನು ತೋರಿಸಿದಷ್ಟು ತಾಳ್ಮೆ ಬೇಡ, ಅದರಲ್ಲಿ ಕಾಲು ಭಾಗ ಸಾಕು.

ನಿಮ್ಮ ‘ಅನುಮೋದಿತ ವಾಕ್ಯಗಳ ಪಟ್ಟಿ’ಯಲ್ಲಿ ಅದು ಹದಿನೇಳನೆಯದು: “ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಈ ಔಷಧವನ್ನು ಬಳಸತಕ್ಕದ್ದಲ್ಲ, ವೈದ್ಯರನ್ನು ಸಂಪರ್ಕಿಸಿ.” ಬೂಸ್ಟಿನ ಸೋಂಕಿಗೆ ಕೊಡುವ ಔಷಧಿಗಳ ಕಾಗದಗಳಲ್ಲಿ ಇದು ಇದ್ದೇ ಇರುತ್ತದೆ. ನುಂಗುವ ಮಾತ್ರೆಯ ಕಾಗದದಲ್ಲೂ ಇದೇ, ಚರ್ಮದ ಮೇಲೆ ಹಚ್ಚುವ ಮುಲಾಮಿನ ಕಾಗದದಲ್ಲೂ ಇದೇ, ಹೆಂಗಸರು ಒಳಗೆ ಇಟ್ಟುಕೊಳ್ಳುವ ಬಿಲ್ಲೆಯ ಕಾಗದದಲ್ಲೂ ಇದೇ. ನೀವು ಅದನ್ನು ಬೂಸ್ಟು ಅನ್ನುವುದಿಲ್ಲ, ‘ಶಿಲೀಂಧ್ರ’ ಅನ್ನುತ್ತೀರಿ. ನನ್ನ ಹೆಂಡತಿ ಮೊದಲ ಸಲ ಆ ಪದ ಓದಿ, “ಇದ್ಯಾವ ರಾಜ?” ಎಂದು ಕೇಳಿದ್ದಳು. ರಾಜನೇ ಸರಿ, ಯಾರಿಗೂ ಅರ್ಥವಾಗದ ಹಾಗೆ ಆಳುತ್ತಿದ್ದಾನೆ.

ಇದನ್ನೆಲ್ಲ ಹೇಳಲು ನೀನ್ಯಾರು ಎಂದು ನೀವು ಕೇಳಬಹುದು. ಮಾತ್ರೆಯ ಪೆಟ್ಟಿಗೆ ತೆರೆದರೆ ಎಂಟು ಮಡಿಕೆಯಾಗಿ ಹೊರಬೀಳುವ, ಒಮ್ಮೆ ಬಿಡಿಸಿದರೆ ಯಾವ ಬುದ್ಧಿವಂತನಿಂದಲೂ ಮತ್ತೆ ಮಡಿಸಲಾಗದ ತೆಳು ಕಾಗದವಿದೆಯಲ್ಲ, ಅದನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಮಡಿಸುವ ಯಂತ್ರಗಳ ಪಕ್ಕದಲ್ಲಿ ಗಾಜಿನ ಗೋಡೆಯ ಒಂದು ಸಣ್ಣ ಕೋಣೆ, ಓರೆ ಮೇಜು, ಕುತ್ತಿಗೆ ಬಗ್ಗಿಸಿದ ದೀಪ, ಸರಪಳಿ ಹಾಕಿ ಮೇಜಿಗೆ ಕಟ್ಟಿದ ಭೂತಗನ್ನಡಿ. ಸರಪಳಿ ಯಾಕೆಂದರೆ ಮೊದಲಿನ ಎರಡು ಕನ್ನಡಿಗಳು ಕಾಲು ಮೂಡಿ ನಡೆದುಹೋದವು. ನನ್ನೆದುರು ಕೂರುವ ಅಕ್ಕ, ನಾವು ಅವರನ್ನು ಓದುವಕ್ಕ ಎಂದೇ ಕರೆಯುವುದು, ನೀವು ಕಳಿಸಿದ ಮೂಲ ಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುತ್ತಾರೆ. ನಾನು ಕರಡಿನ ಮೇಲೆ ಪೆನ್ಸಿಲ್ ಓಡಿಸುತ್ತೇನೆ. ಚಿಹ್ನೆಗಳನ್ನೂ ಬಿಡುವಂತಿಲ್ಲ. “ಬಳಸತಕ್ಕದ್ದಲ್ಲ ಅಲ್ಪವಿರಾಮ ವೈದ್ಯರನ್ನು ಸಂಪರ್ಕಿಸಿ ಪೂರ್ಣವಿರಾಮ” ಎಂದು ಅಕ್ಕ ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳಿದವರು ಅದು ಯಾವುದೋ ಮಂತ್ರ ಅಂದುಕೊಳ್ಳಬೇಕು. ಅವರು ಮೂರು ಸಲ ಬಸುರಿಯಾಗಿದ್ದಾಗಲೂ ಅದೇ ಕುರ್ಚಿಯಲ್ಲಿ ಕೂತು ಆ ವಾಕ್ಯವನ್ನು ಓದಿದ್ದಾರೆ. ಅದು ತಮಗೆ ಹೇಳಿದ ಮಾತು ಎಂದು ಒಂದು ದಿನವೂ ಅನ್ನಿಸಲಿಲ್ಲವಂತೆ.

ಅನ್ನಿಸಬಾರದು ಕೂಡ. ನಮ್ಮ ಕೆಲಸದಲ್ಲಿ ಕಲಿಸುವ ಮೊದಲ ಪಾಠ ಅರ್ಥ ನೋಡಬೇಡ ಎಂಬುದು. ಅರ್ಥದ ಬೆನ್ನು ಹತ್ತಿದ ಕಣ್ಣು ಮುಂದಿನ ಪದಕ್ಕೆ ಜಿಗಿಯುತ್ತದೆ, ನಡುವೆ ಬಿಟ್ಟುಹೋದ ಒತ್ತು, ದೀರ್ಘ, ಸೊನ್ನೆ ಕಾಣುವುದಿಲ್ಲ. ಅದಕ್ಕೇ ನಾವು ಉಗುರನ್ನು ಸಾಲಿನ ಕೆಳಗೆ ಇಟ್ಟು, ಅಕ್ಷರ ಅಕ್ಷರವಾಗಿ, ಅರ್ಥವೇ ಇಲ್ಲದ ಹಾಗೆ ಓದುತ್ತೇವೆ. ನಿಮ್ಮ ಕಚೇರಿಯೂ ಹಾಗೆಯೇ ಓದುತ್ತದೆ ಎಂಬುದಕ್ಕೆ ನನ್ನ ಹತ್ತಿರ ದಾಖಲೆ ಇದೆ. ಕೆಲವು ವರ್ಷಗಳ ಹಿಂದೆ ಇದೇ ಹದಿನೇಳನೇ ವಾಕ್ಯದಲ್ಲಿ ‘ವೈದ್ಯರನ್ನು’ ಎಂಬುದು ‘ವ್ಯೆದ್ಯರನ್ನು’ ಆಗಿ ಅಚ್ಚಾಗಿತ್ತು. ಐತ್ವ ಇರಬೇಕಾದಲ್ಲಿ ಎತ್ವ, ಅದರ ಕೆಳಗೊಂದು ಯಕಾರದ ಒತ್ತು. ಭೂತಗನ್ನಡಿ ಇಲ್ಲದೆ ಅದನ್ನು ಕಂಡುಹಿಡಿದವರಿಗೆ ನಾನು ಈಗಲೂ ತಲೆಬಾಗುತ್ತೇನೆ. ನೀವು ಅಷ್ಟೂ ಕಾಗದವನ್ನು ವಾಪಸು ಕಳಿಸಿದಿರಿ. “ಸಾರ್ವಜನಿಕರ ಆರೋಗ್ಯದ ದೃಷ್ಟಿಯಿಂದ ಗಂಭೀರ ಲೋಪ” ಎಂದು ನನಗೆ ಕಾರಣ ಕೇಳುವ ನೋಟಿಸು ಬಂತು. ನಾನು ತಪ್ಪೊಪ್ಪಿಕೊಂಡೆ. ಅಂದರೆ ಈ ವಾಕ್ಯವನ್ನು ನಿಮ್ಮಲ್ಲೊಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದಾರೆ ಎಂದಾಯಿತು. ಹಾಗೆ ನೋಡಿಯೂ ಅವರಿಗೆ ಅದರಲ್ಲಿ ಕಂಡ ತಪ್ಪು ಆ ಒತ್ತು ಒಂದೇ.

ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗ ನೋಡಿಕೊಳ್ಳುತ್ತಾಳೆ. ಹೋಟೆಲುಗಳ ಹಾಸಿಗೆ ಹೊದಿಕೆಗಳು ಅಲ್ಲಿ ಹಬೆಯಲ್ಲಿ ಬೇಯುತ್ತವೆ, ಜೊತೆಗೆ ಕೆಲಸದವರೂ ಬೇಯುತ್ತಾರೆ. ಗಂಡ ಲಿಫ್ಟ್ ರಿಪೇರಿಯವನು, ಮಾತು ಕಡಿಮೆ. ಇಬ್ಬರೂ ನಮ್ಮ ಮೇಲಿನ ಮಹಡಿಯಲ್ಲೇ ಇದ್ದಾರೆ. ಮೂರು ವರ್ಷದ ಹಿಂದೆ ಅವಳು ಮೊದಲ ಸಲ ಬಸುರಿಯಾದಳು. ಏಳನೇ ವಾರದಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಬರುವ ಬೂಸ್ಟಿನ ಸೋಂಕು ಬಂತು. ತುರಿಕೆ, ಉರಿ, ಬಿಳಿ ಹೋಗುವುದು. ಇಂಥದ್ದನ್ನು ಅಪ್ಪನಾದವನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರಿಗೆ ಮುಜುಗರವಾಗಬಹುದು. ಆ ಮುಜುಗರವೇ ಅವಳನ್ನು ಡಾಕ್ಟರ ಹತ್ತಿರ ಹೋಗಲು ಬಿಡದೆ ಔಷಧಿ ಅಂಗಡಿಯ ಕಟ್ಟೆಯ ಮುಂದೆ, ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಅರ್ಧ ಗಂಟೆ ಕಾಯುವಂತೆ ನಿಲ್ಲಿಸಿದ್ದು.

ಅಂಗಡಿಯವನು ಕೆಟ್ಟವನಲ್ಲ. ಅವಳು ಎರಡು ತಿಂಗಳ ಬಸುರಿ ಎಂದು ಹೇಳಿದ್ದಕ್ಕೆ ಅವನು ಎರಡು ಪೆಟ್ಟಿಗೆ ತೆಗೆದು ಮುಂದಿಟ್ಟ. ಒಂದು ಏಳು ದಿನ ಹಚ್ಚಿಕೊಳ್ಳುವ ಮುಲಾಮು. ಇನ್ನೊಂದು ಒಂದೇ ಸಲ ನುಂಗುವ ಫ್ಲುಕೊನಜೋಲ್ ಮಾತ್ರೆ. ಇವಳು ಎರಡೂ ಕಾಗದ ಬಿಡಿಸಿ ಓದಿದಳು, ಕರಡು ತಿದ್ದುವವನ ಮಗಳಲ್ಲವೇ. ಎರಡರಲ್ಲೂ ಹದಿನೇಳನೇ ವಾಕ್ಯ ಕೂತಿತ್ತು.

“ಎರಡರಲ್ಲೂ ಬೇಡ ಅಂತಾನೇ ಇದೆಯಲ್ಲಣ್ಣ?” ಎಂದು ಕೇಳಿದ್ದಾಳೆ.

“ಎಲ್ಲಾದ್ರಲ್ಲೂ ಅದನ್ನ ಬರ್ದಿರ್ತಾರಮ್ಮ. ಅದನ್ನ ನೋಡ್ತಾ ಕೂತ್ರೆ ಬಸುರಿಯರು ನೀರೂ ಕುಡಿಯೋ ಹಾಗಿಲ್ಲ,” ಎಂದನಂತೆ ಅವನು.

ಆಮೇಲೆ ಅವಳು ಒಂದು ಲೆಕ್ಕಾಚಾರ ಮಾಡಿದಳು. ಎರಡೂ ಸಮನಾಗಿ ನಿಷಿದ್ಧ. ಹಾಗಾದರೆ ನಿಷಿದ್ಧವಾದದ್ದನ್ನು ಏಳು ದಿನ ಮಾಡುವುದಕ್ಕಿಂತ ಒಂದು ಸಲ ಮಾಡಿ ಮುಗಿಸುವುದು ಮೇಲಲ್ಲವೇ? ಮಾನ್ಯರೇ, ಈ ತರ್ಕದಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ನೀವು ಕೊಟ್ಟ ಮಾಹಿತಿ ಇಟ್ಟುಕೊಂಡು ಯಾವ ಜಾಣೆಯಾದರೂ ಬರಬಹುದಾದ ತೀರ್ಮಾನ ಅದು. ಅವಳು ಮಾತ್ರೆ ನುಂಗಿದಳು. ಹತ್ತನೇ ವಾರ ತುಂಬುವ ಮುಂಚೆ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಾಗ ಹೊಟ್ಟೆ ನೋವು ಶುರುವಾಗಿ, ಸಂಜೆಯೊಳಗೆ ಎಲ್ಲ ಮುಗಿದಿತ್ತು.

ಇಲ್ಲಿ ನಾನು ಎಚ್ಚರದಿಂದ ಬರೆಯಬೇಕು, ಏಕೆಂದರೆ ಎಚ್ಚರವಿಲ್ಲದೆ ಬರೆದದ್ದರ ಬಗ್ಗೆಯೇ ಈ ಪತ್ರ ಇರುವುದು. ಮಾತ್ರೆಯಿಂದಲೇ ಹೋಯಿತು ಎಂದು ನಾನು ಹೇಳುತ್ತಿಲ್ಲ. ಅವಳನ್ನು ನೋಡಿದ ಹೆರಿಗೆ ಡಾಕ್ಟರಮ್ಮ ಹೇಳಿದ್ದಿಷ್ಟು: “ಮೊದಲ ಮೂರು ತಿಂಗಳಲ್ಲಿ ಕಾರಣವೇ ಗೊತ್ತಾಗದೆ ಹೋಗೋದು ಬಹಳ ಇರುತ್ತೆ. ಈ ಮಾತ್ರೆ ತಗೊಂಡೋರಲ್ಲಿ ಸ್ವಲ್ಪ ಜಾಸ್ತಿ ಅಂತ ಕೆಲವು ಅಧ್ಯಯನ ಹೇಳ್ತವೆ, ಕೆಲವು ಇಲ್ಲ ಅಂತವೆ. ನಿಮ್ಮ ಮಗಳ ವಿಷಯದಲ್ಲಿ ಯಾವುದು ಅಂತ ದೇವರಾಣೆ ನನಗೆ ಗೊತ್ತಿಲ್ಲ. ಆದ್ರೆ ಅನುಮಾನ ಇರೋದರಿಂದ ನಾವು ಬಸುರಿಯರಿಗೆ ಈ ಮಾತ್ರೆ ಕೊಡಲ್ಲ. ಕ್ಲೋಟ್ರಿಮಜೋಲ್ ಥರದ ಮುಲಾಮು, ಬಿಲ್ಲೆ ಕೊಡ್ತೀವಿ. ಅದು ರಕ್ತಕ್ಕೆ ಸೇರೋದು ತೀರಾ ಕಡಿಮೆ. ಆ ಮುಲಾಮು ತಗೊಂಡಿದ್ರೆ ನಾನು ಏನೂ ಅಂತಿರಲಿಲ್ಲ.”

ಮಗಳು ಆಗ ಕೇಳಿದ್ದು ಒಂದೇ ಪ್ರಶ್ನೆ. “ಹಾಗಂತ ಎಲ್ಲಿ ಬರ್ದಿದೆ?” ಡಾಕ್ಟರಮ್ಮನ ಪುಸ್ತಕಗಳಲ್ಲಿ ಇರಬಹುದು. ನೀವು ಅಚ್ಚು ಹಾಕಿಸುವ ಕಾಗದದಲ್ಲಿ ಇಲ್ಲ, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅನುಮಾನವಿರುವ ಮಾತ್ರೆಗೂ, ಅವರೇ ಧೈರ್ಯವಾಗಿ ಬರೆದುಕೊಡುವ ಮುಲಾಮಿಗೂ ನೀವು ಒಂದೇ ಧ್ವನಿಯಲ್ಲಿ ಬೇಡ ಅಂದಿದ್ದೀರಿ. ಎಲ್ಲದಕ್ಕೂ ಬೇಡ ಅನ್ನುವವರ ಮಾತನ್ನು ಮನೆಯಲ್ಲಿ ಮಕ್ಕಳೂ ಕೇಳುವುದಿಲ್ಲ, ಔಷಧಿ ಅಂಗಡಿಯವನು ಎಲ್ಲಿಂದ ಕೇಳಿಯಾನು? ನಿಜವಾಗಿ ಬೇಡ ಅನ್ನಬೇಕಾದ ಆ ಒಂದು ಕಡೆ ನಿಮ್ಮ ಮಾತಿಗೆ ಬೆಲೆಯೇ ಇರಲಿಲ್ಲ.

ಒಂದು ವರ್ಷ ಕಳೆದು ಅವಳು ಮತ್ತೆ ಬಸುರಿಯಾದಳು. ಈ ಸಲ ಒಂದು ನೆಗಡಿ ಮಾತ್ರೆಯನ್ನೂ ಮುಟ್ಟಲಿಲ್ಲ. ಔಷಧಿಯ ಕಾಗದಗಳನ್ನು ಎರಡೆರಡು ಸಲ ಓದಿ, ಅಡಿಗೆರೆ ಎಳೆದು, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಳು. ಅಳಿಯ ಒಮ್ಮೆ ನನ್ನ ಹತ್ತಿರ, “ಮಾವ, ಇವಳು ನಿಮ್ಮ ಪ್ರೆಸ್ಸಿಗೇ ಸೇರ್ಕೊಳ್ಳೋದು ವಾಸಿ,” ಎಂದು ತಮಾಷೆ ಮಾಡಿದ. ಅವನು ಆ ತಿಂಗಳು ಆಡಿದ ಅತಿ ಉದ್ದದ ಮಾತು ಅದು. ಹೆಣ್ಣು ಮಗು ಹುಟ್ಟಿತು. ಮಗುವಿಗೆ ಹಾಲು ಕುಡಿಸುವುದೆಂದರೆ ನನ್ನ ಮಗಳಿಗೆ ಎಷ್ಟು ಖುಷಿ ಎಂದರೆ, ಮೆಟ್ಟಿಲಲ್ಲಿ ಅವಳು ಗುನುಗುವುದು ಕೇಳಿದರೆ ಸಾಕು, ಈಗ ಕುಡಿಸಲು ಕೂತಳು ಎಂದು ನನ್ನ ಹೆಂಡತಿ ಹೇಳಿಬಿಡುತ್ತಿದ್ದಳು.

ಮಗುವಿಗೆ ಎರಡು ತಿಂಗಳು ತುಂಬಿದಾಗ ಅದರ ನಾಲಿಗೆಯ ಮೇಲೆ ಬಿಳಿ ಪದರ ಕಾಣಿಸಿಕೊಂಡಿತು. ಉಜ್ಜಿದರೆ ಹೋಗದು. ಮಗಳ ಮೊಲೆತೊಟ್ಟು ಒಡೆದು, ಗಾಜಿನ ಚೂರು ಚುಚ್ಚಿದ ಹಾಗೆ ನೋವು. ಅದೇ ಬೂಸ್ಟು, ತಾಯಿಯಿಂದ ಮಗುವಿಗೆ, ಮಗುವಿನಿಂದ ತಾಯಿಗೆ ಓಡಾಡುತ್ತದಂತೆ. ಮಕ್ಕಳ ಡಾಕ್ಟರು ಮಗುವಿನ ಬಾಯಿಗೆ ಹನಿ, ತಾಯಿಗೆ ಮುಲಾಮು ಕೊಟ್ಟರು. ಮಗುವಿನದು ಕಡಿಮೆಯಾಯಿತು, ಇವಳದು ಆಗಲಿಲ್ಲ. ಕೊನೆಗೆ ಎರಡು ವಾರಕ್ಕೆ ಮಾತ್ರೆ ಬರೆದುಕೊಟ್ಟು, “ಹಾಲು ಕುಡಿಸ್ತಾ ಇರಿ, ನಿಲ್ಲಿಸಬೇಡಿ,” ಎಂದು ಹೇಳಿ ಕಳಿಸಿದರು. ಮನೆಗೆ ಬಂದು ಪೆಟ್ಟಿಗೆ ತೆರೆದರೆ ಒಳಗಿದ್ದದ್ದು ಅದೇ ಫ್ಲುಕೊನಜೋಲ್, ಅದೇ ಕಾಗದ, ಅದೇ ಹದಿನೇಳನೇ ವಾಕ್ಯ. ಒಂದು ಸಲ ಅದನ್ನು ಓದಿಯೂ ಬದಿಗಿಟ್ಟವಳಿಗೆ ಆಗ ಹೇಗಾಗಿರಬೇಕು ಎಂದು ನೀವೇ ಯೋಚಿಸಿ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅವಳು ಕಾಗದ ಹಿಡಿದುಕೊಂಡು ಇಳಿದು ಬಂದಳು.

“ಅಪ್ಪ, ಇದು ನೀನು ನೋಡಿದ್ದಾ?”

ಕೆಳಗಿನ ಮೂಲೆಯಲ್ಲಿ ನಮ್ಮ ಮುದ್ರಣಾಲಯದ ಗುರುತು ಇತ್ತು. “ಹೂಂ, ನಮ್ಮದೇ. ನಾನೇ ನೋಡಿದ್ದು,” ಎಂದೆ.

“ತಪ್ಪೇನಿಲ್ಲ ತಾನೆ ಇದರಲ್ಲಿ?”

ಅವಳ ಬೆರಳು ಯಾವ ಸಾಲಿನ ಮೇಲಿತ್ತು ಎಂದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಕಾಗದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಕನ್ನಡಕ ಏರಿಸಿದೆ. ಉಗುರನ್ನು ಆ ಸಾಲಿನ ಕೆಳಗೆ ಇಟ್ಟು, ಅಭ್ಯಾಸದ ಹಾಗೆ ಒಂದೊಂದೇ ಅಕ್ಷರ ನೋಡಿದೆ. ‘ವೈದ್ಯರನ್ನು’ ಎಂಬಲ್ಲಿ ಐತ್ವ ಸರಿಯಾಗಿತ್ತು. ಅದನ್ನು ಎರಡು ಸಲ ನೋಡಿದೆ, ನೋಟಿಸು ತಿಂದವನಲ್ಲವೇ.

“ಒಂದೂ ತಪ್ಪಿಲ್ಲ,” ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಅವಳು ಕೇಳಿದ್ದು ಈ ಮಾತು ನಿಜವೇ ಎಂದು. ನಾನು ಹೇಳಿದ್ದು ಕಾಗುಣಿತ ಸರಿಯಿದೆ ಎಂದು. ಒಂದೇ ಮನೆಯಲ್ಲಿ, ಒಂದೇ ಭಾಷೆಯಲ್ಲಿ, ಅಪ್ಪ ಮಗಳು ಇಬ್ಬರೂ ‘ತಪ್ಪು’ ಎಂಬ ಎರಡಕ್ಷರವನ್ನು ಇಟ್ಟುಕೊಂಡು ಬೇರೆ ಬೇರೆ ಮಾತಾಡಿದೆವು. ಅವಳು ತಲೆಯಾಡಿಸಿ ಮೇಲೆ ಹೋದಳು. ನಾನು ಬಸ್ಸು ಹಿಡಿದೆ.

ಆರು ದಿನ ನನಗೆ ಏನೂ ಗೊತ್ತಾಗಲಿಲ್ಲ. ಏಳನೆಯ ದಿನ ರಜೆ, ಮೇಲೆ ಹೋದರೆ ಅಳಿಯ ಬಾಟಲಿ ಹಿಡಿದು ಮಗುವಿಗೆ ಪುಡಿ ಹಾಲು ಕುಡಿಸುತ್ತಿದ್ದ. ಮಗಳು ಸಿಂಕಿನ ಮುಂದೆ ಬೆನ್ನು ಹಾಕಿ ನಿಂತು, ತುಟಿ ಕಚ್ಚಿಕೊಂಡು, ಎದೆಯ ಹಾಲನ್ನು ಹಿಂಡಿ ಚೆಲ್ಲುತ್ತಿದ್ದಳು. ನೋವಿಗೆ ಸರಿಯಾಗಿ ಹಿಂಡಲೂ ಆಗುತ್ತಿರಲಿಲ್ಲ. ಯಾಕಮ್ಮ ಎಂದೆ. “ಮಾತ್ರೆ ಮುಗಿಯೋವರೆಗೆ ಕುಡಿಸಬಾರದಲ್ಲ,” ಎಂದಳು. ಡಾಕ್ಟರು ಕುಡಿಸು ಅಂದಿದ್ದರಲ್ಲ ಎಂದೆ. “ಡಾಕ್ಟ್ರು ಬಾಯಲ್ಲಿ ಹೇಳಿದ್ರಪ್ಪ, ಇದು ಅಚ್ಚಾಗಿದೆ. ನೀನೂ ನೋಡಿ ತಪ್ಪಿಲ್ಲ ಅಂದ್ಯಲ್ಲ.”

ಇಪ್ಪತ್ತಾರು ವರ್ಷ ಅಚ್ಚಿನ ಮಾತಿಗೆ ಮರ್ಯಾದೆ ಕೊಡು ಎಂದು ಆ ಹುಡುಗಿಗೆ ಕಲಿಸಿದವನು ನಾನೇ.

ಅಂದೇ ಅವಳನ್ನೂ ಮಗುವನ್ನೂ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. “ನಿಲ್ಲಿಸಿ ಅಂತ ಯಾರು ಹೇಳಿದ್ದು?” ಎಂದು ಅವರು ಕೇಳಿದಾಗ ಮಗಳು ಕಾಗದ ತೋರಿಸಿದಳು. ನನ್ನ ಕಡೆ ತಿರುಗಲಿಲ್ಲ, ಅಷ್ಟು ಕರುಣೆ ಅವಳಿಗಿತ್ತು. ಡಾಕ್ಟರು ಕಾಗದ ಪಕ್ಕಕ್ಕಿಟ್ಟು ತಾಳ್ಮೆಯಿಂದ ವಿವರಿಸಿದರು. “ಈ ಮಾತ್ರೆ ಎದೆಹಾಲಿಗೆ ಹೋಗೋದು ಸ್ವಲ್ಪವೇ. ದಿನ ತುಂಬದೆ ಹುಟ್ಟಿದ ಪುಟ್ಟ ಪುಟ್ಟ ಕೂಸುಗಳಿಗೂ ಬೇಕಾದಾಗ ನಾವು ಇದೇ ಔಷಧಿನ ನೇರವಾಗಿ ಕೊಡ್ತೀವಿ, ಹಾಲಲ್ಲಿ ಹೋಗೋದಕ್ಕಿಂತ ಜಾಸ್ತಿನೇ ಕೊಡ್ತೀವಿ. ಹಾಗಂತ ಬೂಸ್ಟಿನ ಔಷಧಿ ಎಲ್ಲಾ ಹೀಗೇ ಅಂತ ತಿಳ್ಕೋಬೇಡಿ. ಕೆಲವು ಮಾತ್ರೆ ಹಾಲು ಕುಡಿಸೋರಿಗೂ ಬೇಡ. ಯಾವ ಔಷಧಿ, ನುಂಗೋದಾ ಹಚ್ಚೋದಾ, ಎಷ್ಟು ದಿನ, ಮಗುಗೆ ಎಷ್ಟು ವಯಸ್ಸು, ಇದೆಲ್ಲ ನೋಡಿ ಹೇಳಬೇಕಾದ ಮಾತು.” ಹೀಗೆ ಹೇಳಲು ಅವರಿಗೆ ಹಿಡಿದದ್ದು ಎರಡು ನಿಮಿಷ.

ಎದೆಗೆ ಮತ್ತೆ ಹಾಲು ತರಲು ಅವಳು ಮೂರು ವಾರ ಒದ್ದಾಡಿದಳು. ಪಂಪು ತಂದೆವು. ಎರಡು ಗಂಟೆಗೊಮ್ಮೆ ಕೂತಳು. ಮಗು ಅಷ್ಟರಲ್ಲಿ ಬಾಟಲಿಗೆ ಒಗ್ಗಿತ್ತು, ಎದೆಗೆ ಹಿಡಿದರೆ ಮುಖ ತಿರುಗಿಸಿ ಅಳುತ್ತಿತ್ತು. ಒಂದು ಮಧ್ಯಾಹ್ನ ಅವಳು ಪಂಪನ್ನು ತೊಳೆದು, ಒರೆಸಿ, ಅದರ ಪೆಟ್ಟಿಗೆಗೇ ಹಾಕಿ ನನ್ನ ಹೆಂಡತಿಯ ಕೈಗೆ ಕೊಟ್ಟಳು. “ಸಾಕಮ್ಮ,” ಎಂದಳು. ಮೆಟ್ಟಿಲಲ್ಲಿ ಈಗ ಗುನುಗು ಕೇಳುವುದಿಲ್ಲ. ಬಾಟಲಿ ಹಾಲು ಕುಡಿದ ಮಕ್ಕಳು ಬೆಳೆಯುವುದಿಲ್ಲವೇ ಎಂದು ನೀವು ಕೇಳಬಹುದು. ಬೆಳೆಯುತ್ತವೆ, ನಮ್ಮದೂ ಗುಂಡಗೆ ಬೆಳೆಯುತ್ತಿದೆ. ಬಾಟಲಿ ಹಿಡಿಯುವ ತಾಯಂದಿರ ಮೇಲೆ ನನ್ನದೇನೂ ತಕರಾರಿಲ್ಲ. ಆದರೆ ಬಿಡುವುದಿದ್ದರೆ ಅವಳು ತಾನಾಗಿ ಬಿಡಬೇಕಿತ್ತು. ಅವಳ ಮಗುವಿಗೂ ಅವಳಿಗೂ ನಡುವೆ ಒಂದು ‘ಮತ್ತು’ ಬಂದು ಕೂರಬೇಕಾಗಿರಲಿಲ್ಲ.

ಮಾನ್ಯರೇ, ಆ ‘ಮತ್ತು’ವನ್ನು ಸ್ವಲ್ಪ ನೋಡಿ. ಹೊಟ್ಟೆಯೊಳಗಿನ ಪಿಂಡಕ್ಕೆ ತಾಯಿಯ ರಕ್ತದಲ್ಲಿದ್ದದ್ದೇ ಬರುತ್ತದೆ, ಅದರ ಕೈ ಕಾಲು ಇನ್ನೂ ಮೂಡುತ್ತಿರುತ್ತವೆ. ಮಡಿಲಲ್ಲಿರುವ ಮಗು ಮೂಡಿ ಮುಗಿದು, ಹಾಲಿನಲ್ಲಿ ಸೋಸಿ ಬಂದದ್ದನ್ನಷ್ಟೇ ಕುಡಿಯುತ್ತದೆ. ಇವೆರಡೂ ಒಂದೇ ಎಂದು ನಿಮಗೆ ಹೇಳಿದವರು ಯಾರು? ನುಂಗಿದ್ದೂ ಹಚ್ಚಿದ್ದೂ ಒಂದೇ ಎಂದವರು ಯಾರು? ನಮ್ಮ ಭಾಷೆಯಲ್ಲಿ ‘ಮತ್ತು’ ಎಂಬುದಕ್ಕೆ ಇನ್ನೊಂದು ಅರ್ಥವಿದೆ. ಕುಡಿದವರಿಗೆ ಏರುತ್ತದಲ್ಲ, ಅದು. ಕೆಲವರಿಗೆ ಕುರ್ಚಿಯಲ್ಲಿ ಕೂತರೂ ಏರುತ್ತದೆ. ಈ ವಾಕ್ಯದಲ್ಲಿರುವುದು ಯಾವ ಮತ್ತು ಎಂದು ನಿಮ್ಮ ಭಾಷಾ ವಿಭಾಗದವರು ತಿಳಿಸಿದರೆ ಕರಡಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ನಿಮ್ಮ ಕಚೇರಿಗೆ ನಾನು ಬಂದಿದ್ದೆ. ಮೂರನೇ ಕಿಟಕಿಯ ಗುಮಾಸ್ತರು ಸಭ್ಯರು, ನನ್ನ ಅರ್ಜಿ ಪೂರ್ತಿ ಓದಿದರು. ಓದಿ, “ಏನ್ ಸಾರ್ ನೀವು, ಇಬ್ಬರಿಗೂ ಬೇಡ ಅಂದ್ಬಿಟ್ರೆ ಯಾರಿಗೂ ತೊಂದರೆ ಇಲ್ಲವಲ್ಲ? ಸೇಫ್ಟಿ ಅಲ್ವಾ?” ಎಂದರು. ಅವರ ಧ್ವನಿಯಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ನನಗೆ ಅರ್ಥವಾಗಲಿ ಎಂದೇ ಹೇಳಿದರು. ಯಾರ ಸೇಫ್ಟಿ ಎಂದು ನಾನು ಕೇಳಲಿಲ್ಲ, ಕೇಳಬೇಕಿತ್ತು. ಬೇಡ ಅಂದವರನ್ನು ಯಾರೂ ಕೋರ್ಟಿಗೆ ಎಳೆಯುವುದಿಲ್ಲ. ಬೇಡ ಎಂಬುದರಿಂದ ನರಳಿದವರು ಮನೆಯಲ್ಲೇ ನರಳುತ್ತಾರೆ, ಅವರ ಹೆಸರು ಯಾವ ಪಟ್ಟಿಗೂ ಸೇರುವುದಿಲ್ಲ. ತುರಿಕೆ ತಡೆದುಕೊಂಡು ಮುಲಾಮು ಮುಟ್ಟದೆ ಕೂತ ಬಸುರಿಯರು ಎಷ್ಟು, ಹಾಲು ಬಿಡಿಸಿದ ತಾಯಂದಿರು ಎಷ್ಟು, ನಿಮ್ಮಲ್ಲಿ ಯಾರಾದರೂ ಎಣಿಸಿದ್ದೀರಾ? ಇನ್ನು ‘ವೈದ್ಯರನ್ನು ಸಂಪರ್ಕಿಸಿ’ ಎಂಬ ನಿಮ್ಮ ಬಾಲ. ನನ್ನ ಮಗಳು ಸಂಪರ್ಕಿಸಿದಳು. ವೈದ್ಯರು ಕುಡಿಸು ಅಂದರು, ವೈದ್ಯರನ್ನು ಕೇಳು ಅಂದ ನೀವೇ ಅದಕ್ಕೂ ಮುಂಚೆ ಬಳಸತಕ್ಕದ್ದಲ್ಲ ಅಂದಿದ್ದಿರಿ. ಹೆದರಿದವಳು ಇಬ್ಬರಲ್ಲಿ ಯಾರ ಮಾತು ಕೇಳುತ್ತಾಳೆ? ಹೆಚ್ಚು ಹೆದರಿಸಿದವರ ಮಾತು.

ಎರಡು ತಿಂಗಳಾದ ಮೇಲೆ ಅಂಚೆಯಲ್ಲಿ ಉತ್ತರ ಬಂತು. ಅದನ್ನು ಹಾಗೇ ಕೊಡುತ್ತೇನೆ, ಒಂದಕ್ಷರವನ್ನೂ ತಿದ್ದಿಲ್ಲ: “ಅರ್ಜಿದಾರರು ಗರ್ಭಿಣಿಯಲ್ಲ, ಹಾಲೂಡಿಸುವ ತಾಯಿಯೂ ಅಲ್ಲ. ಆದ್ದರಿಂದ ಸದರಿಯವರು ಬಾಧಿತ ವ್ಯಕ್ತಿಯಲ್ಲವೆಂದು ಪರಿಗಣಿಸಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.” ಐವತ್ತೆಂಟು ವರ್ಷದ ಗಂಡಸು ಗರ್ಭಿಣಿಯಲ್ಲ ಎಂದು ಪತ್ತೆ ಹಚ್ಚಲು ಎರಡು ತಿಂಗಳು ತೆಗೆದುಕೊಂಡ ನಿಮ್ಮ ತನಿಖೆಯ ಆಳಕ್ಕೆ ನನ್ನ ವಂದನೆ. ನನ್ನ ಹೆಂಡತಿ ಅದನ್ನು ಓದಿ ಬಹಳ ದಿನಗಳ ನಂತರ ನಕ್ಕಳು, “ಸದ್ಯ, ಲಿಖಿತವಾಗಿ ಕೊಟ್ರಲ್ಲ,” ಎಂದಳು. ಆದರೆ ನಾನು ಆ ಉತ್ತರವನ್ನು ಇನ್ನೊಂದು ಕಾರಣಕ್ಕೆ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ನೀವು ‘ಗರ್ಭಿಣಿಯಲ್ಲ’ ಎಂದು ಒಂದು ಕಡೆ, ‘ಹಾಲೂಡಿಸುವ ತಾಯಿಯೂ ಅಲ್ಲ’ ಎಂದು ಇನ್ನೊಂದು ಕಡೆ, ನಡುವೆ ಅಲ್ಪವಿರಾಮ ಇಟ್ಟು, ಬಿಡಿಸಿ ಬರೆದಿದ್ದೀರಿ. ಒಬ್ಬ ಮುದುಕನ ಅರ್ಜಿ ಮುಚ್ಚಲು ಬೇರೆ ಮಾಡಲು ಬರುವುದನ್ನು ಹೆಂಗಸರ ಔಷಧಿಗಾಗಿ ಬೇರೆ ಮಾಡಲು ಯಾಕೆ ಬರುವುದಿಲ್ಲ?

ಆದ್ದರಿಂದ ಹದಿನೇಳನೇ ವಾಕ್ಯವನ್ನು ಒಡೆಯಿರಿ. ಮಾತ್ರೆಯ ಕಾಗದಕ್ಕೆ ಬೇರೆ ಮಾತು, ಮುಲಾಮಿನ ಕಾಗದಕ್ಕೆ ಬೇರೆ ಮಾತು ಇರಲಿ. ಪ್ರತಿಯೊಂದು ಔಷಧಿಗೂ ಬಸುರಿಗೆ ಏನು ಎಂಬುದು ಒಂದು ಸಾಲು, ಹಾಲು ಕುಡಿಸುವವಳಿಗೆ ಏನು ಎಂಬುದು ಇನ್ನೊಂದು ಸಾಲು ಬರಲಿ. ಗೊತ್ತಿರುವುದನ್ನು ಗೊತ್ತಿದೆ ಎನ್ನಿ, ಅನುಮಾನವಿದ್ದರೆ ಅನುಮಾನವಿದೆ ಎನ್ನಿ, ಒಂದು ಬೇಡವಾದರೆ ಅದರ ಬದಲು ಯಾವುದು ಆದೀತು ಎಂದೂ ಹೇಳಿ. ವೈದ್ಯರು ಬರೆದುಕೊಟ್ಟಿದ್ದರೆ ಈ ಕಾಗದ ನೋಡಿ ತಾವಾಗಿ ನಿಲ್ಲಿಸಬೇಡಿ, ಅವರನ್ನೇ ಇನ್ನೊಮ್ಮೆ ಕೇಳಿ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಪದಗಳನ್ನು ಡಾಕ್ಟರುಗಳಿಂದ ಬರೆಸಿ, ಆಮೇಲೆ ಒಬ್ಬ ಬಸುರಿಗೂ ಒಬ್ಬ ಬಾಣಂತಿಗೂ ಓದಲು ಕೊಟ್ಟು ಏನು ಅರ್ಥವಾಯಿತು ಎಂದು ಕೇಳಿ. ಕಾಗದದಲ್ಲಿ ಜಾಗವಿಲ್ಲ ಎಂಬ ಉತ್ತರ ಬೇಡ. ಆ ಕಾಗದದ ಉದ್ದಗಲ ನನಗೆ ಗೊತ್ತು, ನಾಲ್ಕು ಸಾಲಿಗೆ ಜಾಗ ನಾನು ಮಾಡಿಕೊಡುತ್ತೇನೆ.

ಅದೇ ಮಾತ್ರೆಯ ಕಾಗದ ಬರುವ ವಾರ ಮತ್ತೆ ಅಚ್ಚಿಗೆ ಹೋಗಬೇಕು. ಕರಡು ನನ್ನ ಮೇಜಿನ ಮೇಲಿದೆ. ಓದುವಕ್ಕ ನಿನ್ನೆ ಅದನ್ನು ಓದುತ್ತ, ಆ ಸಾಲಿಗೆ ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಅವರು ಒಂದು ವಾಕ್ಯದ ನಡುವೆ ನಿಂತದ್ದು ಅದೇ ಮೊದಲು. ನಾನು ಅಂಚಿನಲ್ಲಿ ‘ತಪ್ಪಿದೆ’ ಎಂದು ಬರೆದು ಯಜಮಾನರಿಗೆ ಕಳಿಸಿದ್ದೇನೆ. ನಾನು ಸಹಿ ಹಾಕದಿದ್ದರೆ ಹಾಕಲು ಇನ್ನೊಬ್ಬರು ಸಿಗುತ್ತಾರೆ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಹಾಗಾಗಿ ನಿಮ್ಮ 'ಬದಲಿಸಿ' ಎಂಬ ಆದೇಶ ಬರಬೇಕಾದದ್ದು ಮುಂದಿನ ವರ್ಷವಲ್ಲ, ಬರುವ ವಾರದೊಳಗೆ.

ಈ ಪತ್ರವನ್ನು ಕೊಡುವ ಮುಂಚೆ ಮಗಳಿಗೆ ಓದಿ ಹೇಳಿದೆ. ಅವಳ ವಿಷಯ, ಅವಳ ಒಪ್ಪಿಗೆ ಬೇಕಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೊನೆಯವರೆಗೂ ಕೇಳಿದಳು. ಹೆಸರು ಹಾಕಬೇಡ ಎಂದಳು, ಹಾಕಿಲ್ಲ. ನಿನ್ನನ್ನು ನೀನು ಅಷ್ಟು ಬೈಕೋಬೇಡ ಎಂದಳು, ಅದನ್ನು ಮಾತ್ರ ನಾನು ತಿದ್ದಲಿಲ್ಲ. ಆಮೇಲೆ ಕೆಳಗೆ ಏನಂತ ಸಹಿ ಮಾಡ್ತೀಯ ಎಂದು ಕೇಳಿದಳು. ಕರಡು ತಿದ್ದುವವನು, ಒಬ್ಬಳು ಮೊಮ್ಮಗಳ ತಾತ ಅಂತ, ಎಂದೆ. ಅವಳು ಮಗುವಿನ ತಲೆ ಸವರಿದಳು.

“ಅಲ್ಲೊಂದು ತಪ್ಪಿದೆ ನೋಡಪ್ಪ, ಮೊದಲನೇದು ಬಿಟ್ಟುಹೋಗಿದೆ,” ಎಂದಳು.

ತಿದ್ದಿದ್ದೇನೆ.

ಇಂತಿ,
ಅಕ್ಷರ ನೋಡಿ ಅರ್ಥ ಬಿಟ್ಟ,
ಇಬ್ಬರು ಮೊಮ್ಮಕ್ಕಳ ತಾತ